ಊರಿನ ತಂಡ ಅಂತೆ, ಊರೆಲ್ಲಿ?

ಸಣ್ಣ ಊರೊಂದರ ವೃತ್ತಿಪರ ವಾಲಿಬಾಲ್ ತಂಡದ ಚರಿತ್ರೆ ಬರೆಯುವುದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಷ್ಟು ಕಪ್ ಬಂತು, ಕೋಚ್ ಯಾರಿದ್ದರು, ಯಾವ ವರ್ಷ ಯಾರ ಕೈಲಿ ಸೋತರು, ಇದೆಲ್ಲ ದಂಡಿಯಾಗಿ ಸಿಗುತ್ತದೆ. ಸಿಗದೆ ಇರುವುದು ಊರು. ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಜೆರ್ಸಿಯ ಮೇಲೆ ಕಣ್ಣು ಹಾಯಿಸಿದರೆ, ನಾಲ್ಕು ಕಂಪನಿಗಳ ಲೋಗೋ ಕೆಳಗೆ, ಬೆವರು ಒರೆಸಿಕೊಳ್ಳುವ ಜಾಗದಲ್ಲಿ, ಊರಿನ ಹೆಸರು ಮುದುಡಿಕೊಂಡು ಕೂತಿರುತ್ತದೆ.

ಪೋಲೆಂಡಿನ ಜಾವೆರ್ಚೆ ಅನ್ನುವ ಊರನ್ನು ತಗೊಳ್ಳಿ. ಐವತ್ತು ಸಾವಿರ ಜನವೂ ಇಲ್ಲ. ಈ ಊರಿನ ತಂಡ 2025ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲ್ ಆಡಿತು. ಇಟಲಿಯ ಪೆರೂಜಾ ತಂಡದ ಎದುರು ಐದು ಸೆಟ್‌ವರೆಗೂ ಎಳೆದಾಡಿ ಸೋತಿತು. ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂಡದ ಪೂರ್ತಿ ಹೆಸರು ಕೇಳಿ: ಅಲುರೋನ್ ಸಿಎಂಸಿ ವಾರ್ತಾ ಜಾವೆರ್ಚೆ. ಅಲುರೋನ್ ಒಂದು ಅಲ್ಯುಮಿನಿಯಂ ಕಂಪನಿ. ಸಿಎಂಸಿ ಅಮೆರಿಕದ ಉಕ್ಕಿನ ಕಂಪನಿ. ವಾರ್ತಾ ಒಂದು ನದಿ, ಹುಟ್ಟುವುದು ಅದೇ ಊರಿನಲ್ಲಿ. ಆಮೇಲೆ ಊರು. ಕ್ಯೂನಲ್ಲಿ ಮೊದಲು ಅಲ್ಯುಮಿನಿಯಂ, ಅದರ ಹಿಂದೆ ಉಕ್ಕು, ಅದರ ಹಿಂದೆ ನೀರು, ಎಲ್ಲರ ಹಿಂದೆ ಜನ. ಆ ನದಿಯ ಧೈರ್ಯ ಮೆಚ್ಚಬೇಕು. ಒಂದು ಪೈಸೆ ಕೊಡದೆ ಊರಿಗಿಂತ ಮುಂದೆ ನಿಂತುಬಿಟ್ಟಿದೆ!

ಕನಿಷ್ಠ ಅಲ್ಲಿ ಊರು ಕೊನೆಯಲ್ಲಾದರೂ ಇದೆ. ಇಟಲಿಯವರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಸ್ಪಾನ್ಸರ್ ಹಾಗೇ ಉಳಿಯುತ್ತಾನೆ, ಊರು ಬದಲಾಗುತ್ತದೆ. ಲೂಬೆ ಅನ್ನುವುದು ಅಡುಗೆಮನೆಗೆ ಕಪಾಟು, ಕಟ್ಟೆ ಎಲ್ಲ ಮಾಡಿಕೊಡುವ ಕಂಪನಿ. ಅದರ ವಾಲಿಬಾಲ್ ತಂಡ 1990ರಲ್ಲಿ ಟ್ರೆಯಾ ಅನ್ನುವ ಪುಟ್ಟ ಊರಿನಲ್ಲಿ ಹುಟ್ಟಿತು. ಸ್ವಲ್ಪ ಬೆಳೆದ ಮೇಲೆ ಪಕ್ಕದ ಮಾಚೆರಾಟಾಗೆ ಹೋಯಿತು. 2002ರಲ್ಲಿ ಯುರೋಪ್ ಗೆದ್ದಾಗ, ಅಂದರೆ ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ ಎತ್ತಿದಾಗ, ತಂಡದ ಹೆಸರಿನಲ್ಲಿ ಮೊದಲು ಅಡುಗೆಮನೆ, ನಂತರ ಒಂದು ಬ್ಯಾಂಕು, ಅದಾದ ಮೇಲೆ ಮಾಚೆರಾಟಾ ಇತ್ತು. 2015ರಲ್ಲಿ ತಂಡ ಗಂಟುಮೂಟೆ ಕಟ್ಟಿಕೊಂಡು ಸಮುದ್ರದ ದಂಡೆಯ ಚಿವಿಟನೋವಾಗೆ ಹೊರಟಿತು. ಅದೇ ವರ್ಷ ಆ ಬ್ಯಾಂಕೂ ಮುಳುಗಿತು. 2019ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ಯುರೋಪ್ ಗೆದ್ದಾಗ ಹೆಸರಿನಲ್ಲಿ ಬ್ಯಾಂಕೂ ಇಲ್ಲ, ಮಾಚೆರಾಟಾವೂ ಇಲ್ಲ. ಅಡುಗೆಮನೆ ಮಾತ್ರ ಗಟ್ಟಿ. ಈಗ ಆಡುವ ಒಳಾಂಗಣಕ್ಕೆ ಬೂಟಿನ ಅಟ್ಟೆ ಮಾಡುವ ಕಂಪನಿಯ ಹೆಸರು. ಅಡುಗೆಮನೆಯೊಳಗೆ ಬೂಟು ಹಾಕಿಕೊಂಡು ಓಡಾಡುವುದನ್ನು ಸಾವಿರಾರು ಜನ ಟಿಕೆಟ್ ಕೊಟ್ಟು ನೋಡುವುದು ಬಹುಶಃ ಅಲ್ಲೊಂದೇ ಕಡೆ.

ಈಗ ಹೇಳಿ, 2002ರ ಕಪ್ ಯಾರದು? ಮಾಚೆರಾಟಾದ ಹಳೆಯ ಅಭಿಮಾನಿ ನಮ್ಮದು ಅನ್ನುತ್ತಾನೆ. ಚಿವಿಟನೋವಾದವರು ತಂಡ ನಮ್ಮದು, ಹಾಗಾಗಿ ಕಪ್ಪೂ ನಮ್ಮದು ಅನ್ನಬಹುದು. ಟ್ರೆಯಾದವರು ಹೆತ್ತವರು ನಾವು ಅಂತ ಬಂದು ನಿಲ್ಲಬಹುದು. ಪಂಚಾಯ್ತಿಯೇ ಬೇಡ ಬಿಡಿ. ಕಪ್ ಅಡುಗೆಮನೆಯದು.

ರವೆನ್ನಾ ಕಥೆ ಇದಕ್ಕಿಂತ ಚೆಂದ. ಅದನ್ನು ಸಣ್ಣ ಊರು ಅಂದರೆ ಅಲ್ಲಿಯವರಿಗೆ ಸಿಟ್ಟು ಬರಬಹುದು, ಆದರೆ ರೋಮ್, ಮಿಲಾನ್ ಮುಂದೆ ಸಣ್ಣದೇ ಅಲ್ವಾ. ಈ ಊರಿನ ತಂಡ 1992, 1993, 1994, ಸತತ ಮೂರು ವರ್ಷ ಯುರೋಪ್ ಗೆದ್ದಿತು. ಅಮೆರಿಕದ ಕಾರ್ಚ್ ಕಿರಾಯ್, ಸ್ಟೀವ್ ಟಿಮ್ಮನ್ಸ್ ತರಹದ ದೊಡ್ಡ ಆಟಗಾರರು ಬಂದು ಆಡಿದರು. ದುಡ್ಡು ಎಲ್ಲಿಂದ ಬಂತು? ಊರಿನ ದೊಡ್ಡ ಉದ್ಯಮಿ ಮನೆತನ ಫೆರುತ್ಸಿ ಅವರಿಂದ. ಅವರ ಕೈಯಲ್ಲಿ ಒಂದು ಪತ್ರಿಕೆಯೂ ಇತ್ತು, ಇಲ್ ಮೆಸ್ಸಾಜೆರೊ. ಅದು ರೋಮ್‌ನ ಪತ್ರಿಕೆ. ಹಾಗಾಗಿ ರವೆನ್ನಾ ಹುಡುಗರು ರೋಮ್ ಪತ್ರಿಕೆಯ ಹೆಸರು ಎದೆಯ ಮೇಲೆ ಹಾಕಿಕೊಂಡು ರವೆನ್ನಾದ ಮಾನ ಕಾಪಾಡಿದರು. 1993ರಲ್ಲಿ ಆ ಉದ್ಯಮ ಸಾಲದ ಹೊರೆ, ಲಂಚದ ಹಗರಣ ಎರಡರ ನಡುವೆ ಕುಸಿದುಬಿತ್ತು. 1994ರ ಕಪ್ಪಿನ ಹೊತ್ತಿಗೆ ಎದೆಯ ಮೇಲೆ ಟೈಲ್ಸ್ ಕಂಪನಿ ಬಂದಿತ್ತು. 2000ಕ್ಕೆ ಬರುವಾಗ ಲೀಗಿನಲ್ಲಿ ತಂಡಕ್ಕಿದ್ದ ಜಾಗವನ್ನೇ ಬೇರೆಯವರು ತೆಗೆದುಕೊಂಡು, ಸುಮಾರು ಇನ್ನೂರು ಕಿಲೋಮೀಟರ್ ಆಚೆ ಬೆಟ್ಟದ ಬುಡದ ಟ್ರೆಂಟೊಗೆ ಒಯ್ದರು. ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಹಾಗೆ. ಇಟಲಿಯಲ್ಲಿ ಲೀಗಿನ ಜಾಗವನ್ನು ಹೀಗೆ ಮಾರುವುದು, ಕೊಳ್ಳುವುದು ಮಾಮೂಲಿ. ಗೆದ್ದು ಮೇಲೆ ಬರುವುದು ತಡ, ಖರೀದಿ ಬೇಗ. ಆ ಜಾಗದಲ್ಲಿ ಹುಟ್ಟಿದ ಟ್ರೆಂಟೊ ತಂಡ ಆಮೇಲೆ 2009, 2010, 2011ರಲ್ಲಿ ಸತತ ಮೂರು ಸಲ ಯುರೋಪ್ ಗೆದ್ದಿತು. ಜಾಗದ ಜೊತೆ ಅದೃಷ್ಟವೂ ಫ್ರೀಯಾಗಿ ಬಂದಿತ್ತೋ ಏನೋ, ರವೆನ್ನಾದವರು ಬೆಲೆ ಕಟ್ಟುವಾಗ ಅದನ್ನು ಸೇರಿಸಲು ಮರೆತಿರಬೇಕು.

ಮತ್ತೆ ಪೋಲೆಂಡಿಗೆ ಬರೋಣ, ಯಾಕೆಂದರೆ ಅಸಲಿ ಮಜಾ ಇರುವುದು ಸರ್ಕಾರದ ದುಡ್ಡಿನಲ್ಲಿ. ಬೆವ್‌ಹಾತುಫ್ ಅನ್ನುವ ಊರಿದೆ. ಕಂದು ಕಲ್ಲಿದ್ದಲಿನ ದೊಡ್ಡ ಗಣಿ, ಅದರ ಪಕ್ಕ ಅದೇ ಕಲ್ಲಿದ್ದಲು ಸುಡುವ ಭಾರೀ ವಿದ್ಯುತ್ ಸ್ಥಾವರ, ಅದರ ಪಕ್ಕ ವಾಲಿಬಾಲ್ ತಂಡ. ತಂಡದ ಹೆಸರು ಸ್ಕ್ರಾ. ಅದರ ಮುಂದೆ ವಿದ್ಯುತ್ ಕಂಪನಿ ಪಿಜಿಇ. ಕಂಪನಿಯಲ್ಲಿ ದೊಡ್ಡ ಪಾಲು ಸರ್ಕಾರದ್ದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. 2005ರಿಂದ 2011ರವರೆಗೆ ಸತತ ಏಳು ಸಲ ರಾಷ್ಟ್ರೀಯ ಚಾಂಪಿಯನ್. ಒಳ್ಳೆಯ ಆಟಗಾರರಿದ್ದರು, ಒಳ್ಳೆಯ ಆಟ ಆಡಿದರು, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಏಳು ಕಪ್ಪಿನ ಬಗ್ಗೆ ಇಲ್ಲ, ಬರದೇ ಹೋದ ಕಪ್ಪಿನ ಬಗ್ಗೆ ಇದೆ.

ಆಗ ಚಾಂಪಿಯನ್ಸ್ ಲೀಗಿನಲ್ಲಿ ಒಂದು ಸೊಗಸಾದ ನಿಯಮವಿತ್ತು. ಕೊನೆಯ ನಾಲ್ಕು ತಂಡಗಳ ಹಬ್ಬ, ಅಂದರೆ ಫೈನಲ್ ಫೋರ್, ಒಂದೇ ಜಾಗದಲ್ಲಿ ನಡೆಯುತ್ತಿತ್ತು. ಅದನ್ನು ನಡೆಸಿಕೊಡುವ ಕ್ಲಬ್ಬು ಗುಂಪು ಹಂತ ಮುಗಿಸಿದರೆ ಸಾಕು. ನಡುವಿನ ನಾಕೌಟ್ ಸುತ್ತುಗಳಲ್ಲಿ ಬೇರೆಯವರು ಹೊಡೆದಾಡಿ, ಮಂಡಿ ಚಿಪ್ಪು ಕಳಚಿಕೊಂಡು, ಸೆಮಿಫೈನಲ್‌ಗೆ ತೆವಳಿಕೊಂಡು ಬರುವಾಗ ಆತಿಥೇಯರು ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅನ್ನುತ್ತಿದ್ದರು. ಮಂಟಪದ ಬಾಡಿಗೆ ಕೊಟ್ಟವನೇ ಮದುಮಗ ಅನ್ನುವ ಲೆಕ್ಕ. ಸ್ಕ್ರಾ 2008ರಲ್ಲಿ ಹೀಗೆ ಆತಿಥ್ಯ ವಹಿಸಿತು, ಕಂಚು ಬಂತು. 2010ರಲ್ಲಿ ಮತ್ತೆ ವಹಿಸಿತು, ಮತ್ತೆ ಕಂಚು. 2012ರಲ್ಲಿ ಮೂರನೇ ಸಲ ವಹಿಸಿತು, ಫೈನಲ್ ತಲುಪಿತು, ರಷ್ಯಾದ ಕಜಾನ್ ತಂಡದ ಎದುರು ಐದನೇ ಸೆಟ್‌ನಲ್ಲಿ ಸೋತಿತು. ಮೂರು ಸಲ ಮಂಟಪ ಹಿಡಿದರೂ ಹುಡುಗಿ ಒಪ್ಪಲಿಲ್ಲ. ಹೋಗಲಿ, ಬೆವ್‌ಹಾತುಫ್ ಜನಕ್ಕೆ ಊರಿನಲ್ಲೇ ಹಬ್ಬ ನೋಡುವ ಭಾಗ್ಯವಾದರೂ ಬಂತಾ? ಎಲ್ಲಿ ಬರುತ್ತದೆ. ಮೂರೂ ಸಲ ನಡೆದದ್ದು ಸುಮಾರು ಐವತ್ತು ಕಿಲೋಮೀಟರ್ ಆಚೆಯ ದೊಡ್ಡ ನಗರ ವೂಚ್‌ನಲ್ಲಿ. ಊರಿನಲ್ಲಿದ್ದ ಒಳಾಂಗಣ ಅಂಥ ಹಬ್ಬಕ್ಕೆ ಸಾಲದಷ್ಟು ಚಿಕ್ಕದು. ತಮ್ಮದೇ ಮನೆಯ ಊಟಕ್ಕೆ ಟಿಕೆಟ್ ತಗೊಂಡು ಬಸ್ ಹತ್ತಬೇಕು.

ಸರ್ಕಾರಿ ದುಡ್ಡಿನ ವಾಲಿಬಾಲ್ ತನ್ನ ಶಿಖರ ಮುಟ್ಟಿದ್ದು 2023ರ ಮೇ ತಿಂಗಳಲ್ಲಿ. ಚಾಂಪಿಯನ್ಸ್ ಲೀಗ್ ಫೈನಲ್. ಒಂದು ಕಡೆ ಕೆಂಜೆಜಿನ್-ಕೋಜ್ಲೆ ಊರಿನ ಜಾಕ್ಸಾ. ಕೇಳಿದರೆ ಯಾರೋ ಹಳೆಯ ವೀರನ ಹೆಸರು ಇರಬೇಕು ಅನ್ನಿಸುತ್ತದೆ. ಅಲ್ಲಿಯ ಸಾರಜನಕ ಗೊಬ್ಬರದ ಕಾರ್ಖಾನೆಯ ಪೂರ್ತಿ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಮಾಡಿದ್ದು ಅಷ್ಟೇ. ಇನ್ನೊಂದು ಕಡೆ ಯಾಸ್ಟ್‌ಶೆಂಬ್ಸ್ಕಿ ವೆಂಗೆಲ್. ಯಾಸ್ಟ್‌ಶೆಂಬಿಯೆ ಊರಿನ ತಂಡ. ಅವರ ಹೆಸರಿನಲ್ಲೇ ಕಲ್ಲಿದ್ದಲಿದೆ, ಪೋಲಿಷ್‌ನಲ್ಲಿ ವೆಂಗೆಲ್ ಅಂದರೆ ಅದೇ. ಗಣಿ ಬರುವ ಮೊದಲು ಆ ಊರು ಜನ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ಸ್ನಾನ ಮಾಡುತ್ತಿದ್ದ ಜಾಗ, ಈಗ ಎದೆ ತಟ್ಟಿಕೊಂಡು ಕಲ್ಲಿದ್ದಲು ಅಂತ ಕೂಗುತ್ತದೆ. ಈ ಎರಡು ಊರುಗಳ ನಡುವೆ ಹೆಚ್ಚೆಂದರೆ ಐವತ್ತು ಅರವತ್ತು ಕಿಲೋಮೀಟರ್ ದೂರ. ಪಂದ್ಯ ಎಲ್ಲಿ ನಡೆಯಿತು? ಸಾವಿರ ಕಿಲೋಮೀಟರ್ ಆಚೆ, ಇಟಲಿಯ ಟ್ಯೂರಿನ್‌ನಲ್ಲಿ! ಗೊಬ್ಬರದ ಕಂಪನಿ ಸರ್ಕಾರದ ಹಿಡಿತದಲ್ಲಿದೆ. ಕಲ್ಲಿದ್ದಲಿನ ಕಂಪನಿಯೂ ಸರ್ಕಾರದ ಹಿಡಿತದಲ್ಲಿದೆ. ಗೊಬ್ಬರ 3-2ರಲ್ಲಿ ಕಲ್ಲಿದ್ದಲನ್ನು ಸೋಲಿಸಿತು. ಲೆಕ್ಕಪತ್ರದಲ್ಲಿ ಇದನ್ನು ಹೇಗೆ ಬರೆದುಕೊಂಡರೋ ಗೊತ್ತಿಲ್ಲ: ಸರ್ಕಾರ ಗೆದ್ದಿತು, ಅದೇ ಹೊತ್ತಿಗೆ ಸರ್ಕಾರ ಸೋತಿತು, ಹೋಗಿ ಬರುವ ಖರ್ಚು ಎರಡು ಕಡೆಯದೂ ಸೇರಿ ಇಷ್ಟು.

ಜಾಕ್ಸಾಗೆ ಅದು ಸತತ ಮೂರನೇ ಯುರೋಪ್ ಕಪ್. 2021, 2022, 2023. ಮೂರು ಕಪ್ಪಿಗೆ ಮೂರು ಜನ ಕೋಚ್. ಮೊದಲ ಸಲ ನಿಕೊಲಾ ಗ್ರಬಿಚ್ ಗೆಲ್ಲಿಸಿದರು, ಹೋದರು. ಎರಡನೇ ಸಲ ಗೆಯೊರ್ಗೆ ಕ್ರೆತ್ಸು ಗೆಲ್ಲಿಸಿದರು, ಅವರೂ ಹೋದರು. ಮೂರನೇ ಸಲ ಟುವೊಮಸ್ ಸಮ್ಮೆಲ್ವುವೊ. ಯುರೋಪ್ ಗೆದ್ದರೆ ಕೆಲಸ ಬಿಡಬೇಕು ಅಂತ ಕರಾರಿನಲ್ಲೇ ಬರೆದಿತ್ತಾ ಅಂತ ಸಂಶಯ ಬರುತ್ತದೆ. ಸಣ್ಣ ಊರಿಗೆ ಬರುವ ದೊಡ್ಡ ಕೋಚ್‌ಗಳು ಕಾಲಿನ ಬೂಟು ಬಿಚ್ಚುವುದೇ ಇಲ್ಲ. ಮುಂದಿನ ಸೀಸನ್‌ನಲ್ಲಿ ಯುರೋಪಿನ ಮೂರು ಸಲದ ಚಾಂಪಿಯನ್ ತಂಡ ಗಾಯಾಳುಗಳ ಸಾಲು ಹೊತ್ತುಕೊಂಡು ತನ್ನದೇ ದೇಶದ ಲೀಗಿನಲ್ಲಿ ಪ್ಲೇ ಆಫ್‌ಗೂ ಬರಲಿಲ್ಲ. ಇಂಥ ಹೊತ್ತಿನಲ್ಲಿ ಒಂದು ವಿಚಿತ್ರ ನೋಡಬಹುದು. ಗೆದ್ದಾಗ ಕಂಪನಿಯ ತಂಡ, ಸೋತಾಗ ಊರಿನ ತಂಡ. ಚರಿತ್ರೆಕಾರನಿಗೆ ಊರಿನ ಹೆಸರು ಸಿಗುವುದು ಸೋತ ಪುಟಗಳಲ್ಲಿ ಜಾಸ್ತಿ.

ಟಿವಿಯವರನ್ನು ಬಿಟ್ಟರೆ ಪಾಪ ಬರುತ್ತದೆ. ಮೊದಲು ಸರ್ವ್ ಮಾಡುವವರಿಗೆ ಮಾತ್ರ ಪಾಯಿಂಟ್ ಸಿಗುತ್ತಿತ್ತು, ಸೆಟ್ 15ಕ್ಕೆ. ಪಂದ್ಯ ಒಂದು ಗಂಟೆಗೂ ಮುಗಿಯಬಹುದು, ಮೂರು ಗಂಟೆಗೂ ಎಳೆಯಬಹುದು. ಸಣ್ಣ ಊರಿನವರಿಗೆ ಅದರಿಂದ ತೊಂದರೆ ಇರಲಿಲ್ಲ, ಬೇರೆ ಎಲ್ಲಿಗೆ ಹೋಗಬೇಕಿತ್ತು ಅವರಿಗೆ. ಟಿವಿಗೆ ತೊಂದರೆ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಯಾರು ಸರ್ವ್ ಮಾಡಿದರೂ ಎಲ್ಲ ರ‍್ಯಾಲಿಗೂ ಪಾಯಿಂಟ್, ಸೆಟ್ 25ಕ್ಕೆ ಅಂತಾಯಿತು. ಇದು ಒಳ್ಳೆಯದೇ ಆಯಿತು ಅನ್ನಿ. ಅದರ ಜೊತೆಗೇ ಬಂದದ್ದು ಟೆಕ್ನಿಕಲ್ ಟೈಮ್ ಔಟ್. ಸೆಟ್‌ನಲ್ಲಿ ಒಂದು ತಂಡ 8 ಪಾಯಿಂಟ್ ಮುಟ್ಟಿದ ಕೂಡಲೇ ಒಂದು ನಿಮಿಷ ನಿಲ್ಲಿಸಿ, 16 ಮುಟ್ಟಿದಾಗ ಇನ್ನೊಂದು ನಿಮಿಷ. ಆಟಗಾರರಿಗೆ ಸುಸ್ತಾಗಿಲ್ಲ, ಕೋಚ್‌ಗೆ ಹೇಳುವುದೇನಿಲ್ಲ, ಆದರೂ ಎಲ್ಲರೂ ಬಂದು ಗುಂಪಾಗಿ ನಿಂತು ನೀರು ಕುಡಿಯುತ್ತಿದ್ದರು. ಅದರಲ್ಲಿ ಟೆಕ್ನಿಕಲ್ ಏನಿತ್ತು ಅಂದರೆ ಜಾಹೀರಾತು. ಒಳಾಂಗಣದಲ್ಲಿ ಕೂತಿದ್ದವರಿಗೆ ಆ ಜಾಹೀರಾತು ಕೂಡ ಕಾಣುತ್ತಿರಲಿಲ್ಲ. ಸುಮ್ನೆ ಕೂತು ಬೇರೆಯವರು ಜಾಹೀರಾತು ನೋಡಿ ಮುಗಿಸಲಿ ಅಂತ ಕಾಯುವುದು.

ಇನ್ನು ಕೂರುವ ಜಾಗದ ವಿಷಯ. ಜರ್ಮನಿಯ ಫ್ರೀಡ್ರಿಷ್‌ಹಾಫೆನ್, ಕೆರೆಯಂಚಿನ ಅರವತ್ತು ಸಾವಿರ ಜನರ ಊರು. ಹದಿಮೂರು ಸಲ ಜರ್ಮನ್ ಚಾಂಪಿಯನ್. 2007ರಲ್ಲಿ ಮಾಸ್ಕೋದಲ್ಲಿ ಫ್ರಾನ್ಸಿನ ಟೂರ್ ತಂಡವನ್ನು ಸೋಲಿಸಿ ಯುರೋಪ್ ಗೆದ್ದ ಊರು. ಇಷ್ಟೆಲ್ಲ ಗೆದ್ದ ತಂಡದ ಒಳಾಂಗಣದ ಚಾವಣಿ ಸುರಕ್ಷಿತ ಅಲ್ಲ ಅಂತ 2020ರಲ್ಲಿ ಬೀಗ ಹಾಕಿದರು. ಒಂದು ಸೀಸನ್ ಪೂರ್ತಿ ತಂಡ ಸುಮಾರು ನೂರು ಕಿಲೋಮೀಟರ್ ದೂರದ ನೊಯ್-ಉಲ್ಮ್‌ಗೆ ಹೋಗಿ ತವರಿನ ಪಂದ್ಯಗಳನ್ನು ಆಡಿತು. ತವರಿನ ಪಂದ್ಯಕ್ಕೆ ಎರಡೂ ತಂಡಗಳು ಬಸ್‌ನಲ್ಲಿ ಬಂದಿಳಿಯುವ ದೃಶ್ಯ ಊಹಿಸಿಕೊಳ್ಳಿ. ಬೀಗ ಹಾಕಿದ ಆ ಒಳಾಂಗಣಕ್ಕೆ ಗೇರ್‌ಬಾಕ್ಸ್ ಕಂಪನಿಯ ಹೆಸರಿತ್ತು. ಹೆಸರಿನ ಫಲಕ ಹಾಕುವಾಗ ಯಾರೋ ಒಬ್ಬರು ಏಣಿ ಹತ್ತಿರಬೇಕಲ್ಲ. ಹತ್ತಿದವನು ಹಾಗೇ ಒಂದು ಸಲ ಚಾವಣಿ ಕಡೆಗೂ ನೋಡಬಾರದಿತ್ತೇ.

ಇಷ್ಟಾದ ಮೇಲೆ ಊರಿನವರು ಆಟವನ್ನು ನಮಗೆ ವಾಪಸ್ ಕೊಡಿ ಅಂತ ಕೇಳಬಹುದು, ಕೇಳುತ್ತಲೂ ಇರುತ್ತಾರೆ. ಕೇಳುವ ಮೊದಲು ದಾಖಲೆ ನೋಡಿಕೊಳ್ಳುವುದು ಒಳ್ಳೆಯದು. ಈ ಆಟ ಹುಟ್ಟಿದ್ದೂ ಒಂದು ಕಾರ್ಖಾನೆ ಊರಿನಲ್ಲೇ, ಅಮೆರಿಕದ ಹೋಲಿಯೋಕ್‌ನಲ್ಲಿ, ಅಲ್ಲಿ ಕಾಗದದ ಗಿರಣಿಗಳಿದ್ದವು. 1895ರಲ್ಲಿ ವಿಲಿಯಂ ಮಾರ್ಗನ್ ಅನ್ನುವ ವ್ಯಾಯಾಮ ಶಿಕ್ಷಕ ಇದನ್ನು ಕಟ್ಟಿದ. ಆತ ವೈಎಂಸಿಎಯಲ್ಲಿ ಕಸರತ್ತು ಹೇಳಿಕೊಡುತ್ತಿದ್ದ. ಅಲ್ಲಿಗೆ ಬರುತ್ತಿದ್ದ ನಡುವಯಸ್ಸಿನ ವ್ಯಾಪಾರಸ್ಥರಿಗೆ ಬ್ಯಾಸ್ಕೆಟ್‌ಬಾಲ್ ಆಡಿದರೆ ಏದುಸಿರು ಬರುತ್ತಿತ್ತು. ಓಡಬಾರದು, ಡಿಕ್ಕಿ ಹೊಡೆಯಬಾರದು, ಆದರೂ ಆಡಿದೆವು ಅನ್ನಿಸಬೇಕು ಅಂತ ನಡುವೆ ನೆಟ್ ಕಟ್ಟಿ ಕೊಟ್ಟ. ಅಂದರೆ ಈ ಆಟದ ಮೊದಲ ವಾರಸುದಾರರೇ ವ್ಯಾಪಾರಸ್ಥರು. ಅವರ ಆಸ್ತಿ ಅವರ ಹತ್ತಿರ ಇದೆ. ಊರಿನವರು ಕೋರ್ಟಿಗೆ ಹೋದರೂ ಕೇಸು ನಿಲ್ಲುವುದಿಲ್ಲ.