ಕೋವಿಗೆ ನೆಗಡಿ

ಇವತ್ತು ಬೆಳಿಗ್ಗೆ ಗೋಣಿಕೊಪ್ಪದಲ್ಲಿ ಮೀನು ತೆಗೆದುಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿ ಪರಿಚಯದವರೊಬ್ಬರು ಮತ್ತಿಯ ಕಿವಿರು ಎತ್ತಿ ನೋಡುತ್ತಾ, ನನ್ನ ಕಡೆ ತಿರುಗದೆಯೇ ಕೇಳಿದರು: "ಹೇಗೆ, ಕೋವಿಯ ನೆಗಡಿ ವಾಸಿಯಾಯ್ತಾ?"

ಮೀನಿನವನೂ ನಕ್ಕ. ಅಂದರೆ ಅವನಿಗೂ ಗೊತ್ತು.

ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದು ಹನ್ನೆರಡು ದಿನ ಆಯ್ತು. ಈ ಹನ್ನೆರಡು ದಿನದಲ್ಲಿ ಹಾಲಿನ ಡೈರಿ, ಸೊಸೈಟಿ, ಗೊಬ್ಬರದ ಅಂಗಡಿ, ಒಂದು ಮದುವೆ ಮನೆ, ಒಂದು ಸಾವಿನ ಮನೆ ಎಲ್ಲಾ ಕಡೆ ನನ್ನನ್ನು ಇದೇ ಪ್ರಶ್ನೆ ಕೇಳಿದ್ದಾರೆ. ಸಾವಿನ ಮನೆಯಲ್ಲಿ ಕೇಳಿದವರು ಸ್ವಲ್ಪ ಮೆಲ್ಲಗೆ ಕೇಳಿದರು, ಅಷ್ಟೇ ವ್ಯತ್ಯಾಸ.

ಇದಕ್ಕೆಲ್ಲ ಕಾರಣ ನನ್ನ ಅಣ್ಣನ ಮಗ. ಬ್ಯಾಂಕಾಕಿನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಒಂದು ಕ್ಲಬ್ಬು ಸೇರಿಕೊಂಡು ಪ್ರಾಕ್ಟಿಕಲ್ ಶೂಟಿಂಗ್ ಅನ್ನುವ ಪಂದ್ಯ ಹಚ್ಚಿಕೊಂಡಿದ್ದಾನೆ. ಟಿವಿಯಲ್ಲಿ ನೋಡುತ್ತೀವಲ್ಲ, ಒಂದೇ ಕಡೆ ನಿಂತು ಉಸಿರು ಬಿಗಿಹಿಡಿದು ಹೊಡೆಯುವುದು, ಅದಲ್ಲ. ಇದರಲ್ಲಿ ಟೈಮರ್ ಬೀಪ್ ಅಂದ ಕೂಡಲೆ ಪಿಸ್ತೂಲು ಎಳೆದು ಓಡಬೇಕು. ಗೋಡೆಯ ಸಂದಿಯಿಂದ ಎರಡು, ಕಿಟಕಿಯಿಂದ ನಾಲ್ಕು, ಮತ್ತೆ ಓಡು, ಕಬ್ಬಿಣದ ತಟ್ಟೆ ಬೀಳಿಸು. ಸಿಕ್ಕಿದ ಅಂಕವನ್ನು ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸುತ್ತಾರಂತೆ. ಗುರಿ ಚೆನ್ನಾಗಿದ್ದು ಕಾಲು ನಿಧಾನವಾದರೂ ಸೋಲು, ಕಾಲು ಚುರುಕಾಗಿದ್ದು ಗುರಿ ತಪ್ಪಿದರೂ ಸೋಲು. 1976ರಲ್ಲಿ ಅಮೆರಿಕದ ಮಿಸೌರಿಯ ಕೊಲಂಬಿಯಾ ಊರಿನಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟ ಮಾಡಿದರು, ಜೆಫ್ ಕೂಪರ್ ಅನ್ನುವವರು ಮೊದಲ ಅಧ್ಯಕ್ಷರು. 2022ರಲ್ಲಿ ವಿಶ್ವ ಸ್ಪರ್ಧೆ ಪಟ್ಟಾಯದಲ್ಲೇ ನಡೆಯಿತು. ಇವನು ರಜೆ ಹಾಕಿ ನೋಡಲು ಹೋದ. ಅಲ್ಲಿಂದ ಬಂದ ಮೇಲೆ ಮನುಷ್ಯ ಪೂರ್ತಿ ಕೆಟ್ಟ.

ಹಬ್ಬಕ್ಕೆ ಊರಿಗೆ ಬಂದವನು ಪೆಟ್ಟಿಗೆಯಿಂದ ಮೊದಲು ತೆಗೆದದ್ದು ಒಂದು ಬೆಲ್ಟು. ಪಿಸ್ತೂಲು ಕ್ಲಬ್ಬಿನಲ್ಲೇ ಇದೆ, ಅದಕ್ಕೆ ಗುಂಡು ತುಂಬಿ ಸಿಕ್ಕಿಸುವ ಮ್ಯಾಗಜಿನ್ನನ್ನೂ ತರುವ ಹಾಗಿಲ್ಲ. ಬೆಲ್ಟು ಮಾತ್ರ ಬಂದಿದೆ. ಹಲಗೆಯಷ್ಟು ಗಟ್ಟಿ. ಅದರ ಎಡಗಡೆ ಸಾಲಾಗಿ 5 ಕಪ್ಪು ಪ್ಲಾಸ್ಟಿಕ್ ಪೌಚು.

"ಐದೂ ಸ್ಪೇರ್ ಮ್ಯಾಗಜಿನ್‌ಗೆ, ಚಿಕ್ಕಪ್ಪ" ಅಂದ.

ನಮ್ಮ ಮನೆಯಲ್ಲಿ ಮ್ಯಾಗಜಿನ್ ಅಂದರೆ ವಾರಪತ್ರಿಕೆ. ನನ್ನ ಹೆಂಡತಿ ಆ ಪೌಚನ್ನು ತಿರುಗಿಸಿ ನೋಡಿ, "ಇದರಲ್ಲಿ ಮಡಚಿದರೂ ಹಿಡಿಸಲ್ಲ ಕಣೋ" ಅಂದಳು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪಾಠ ಶುರುವಾಯಿತು. ಅವನು ಆಡುವ ಪ್ರೊಡಕ್ಷನ್ ವಿಭಾಗದಲ್ಲಿ ಒಂದು ಮ್ಯಾಗಜಿನ್ನಿಗೆ 15 ಗುಂಡು ಮಾತ್ರ. ಪಂದ್ಯದ ಅತಿ ದೊಡ್ಡ ಸುತ್ತಾದರೂ 32 ಗುಂಡಿನಲ್ಲಿ ಮುಗಿಯಬೇಕು, ಅದಕ್ಕಿಂತ ಜಾಸ್ತಿ ಬೇಕಾಗುವ ಹಾಗೆ ಸುತ್ತು ಕಟ್ಟುವಂತಿಲ್ಲ. ತಟ್ಟೆಯಲ್ಲಿದ್ದ ಅಕ್ಕಿ ಉಂಡೆ, ಕಡಂಬುಟ್ಟನ್ನೇ ಮ್ಯಾಗಜಿನ್ ಅಂತ ಜೋಡಿಸಿದ. 15, ಮತ್ತೆ 15, ಉಳಿದ ಎರಡಕ್ಕೆ ಇನ್ನೊಂದು. ಪಿಸ್ತೂಲಿನಲ್ಲಿ ಒಂದು, ಬೆಲ್ಟಿನಲ್ಲಿ ಎರಡು.

"ಮತ್ತೆ ಐದು ಯಾಕೋ?" ಅಂದೆ. ಕೇಳಬಾರದಿತ್ತು.

ಗುಂಡು ಪೂರ್ತಿ ಖಾಲಿಯಾಗುವ ತನಕ ಯಾರೂ ಕಾಯುವುದಿಲ್ಲವಂತೆ. ನಿಂತು ಬದಲಾಯಿಸಿದರೆ ಒಂದೆರಡು ಸೆಕೆಂಡು ದಂಡ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುವಾಗಲೇ ಬದಲಾಯಿಸಿದರೆ ಪುಕ್ಕಟೆ. ಹಾಗಾಗಿ ಆರೇಳು ಗುಂಡು ಇರುವಾಗಲೇ ಆ ಮ್ಯಾಗಜಿನ್ನನ್ನು ನೆಲಕ್ಕೆ ಬೀಳಿಸಿ ಹೊಸದು ತುರುಕುತ್ತಾರೆ. ತಟ್ಟೆ ಬೀಳದಿದ್ದರೆ ಮತ್ತೆ ಹೊಡೆಯಬೇಕು, ಅದಕ್ಕೆ ಗುಂಡು ಬೇಕು. ಹೊಡೆದ ತಟ್ಟೆ ಬೀಳದೆ ಉಳಿದರೆ 10 ಅಂಕ ಕಡಿತ. ಅವಸರದಲ್ಲಿ ಒಂದು ಕೈಜಾರಿ ಕೆಸರಿಗೆ ಬೀಳುತ್ತದೆ. ಇನ್ನೊಂದರ ಸ್ಪ್ರಿಂಗ್ ಕೈಕೊಡುತ್ತದೆ. ಇವನ ಮ್ಯಾಗಜಿನ್ನುಗಳ ತಳಕ್ಕೆಲ್ಲ ಮಾರ್ಕರಿನಲ್ಲಿ ನಂಬರು ಬರೆದಿದೆಯಂತೆ, ಯಾವುದು ತಕರಾರು ಮಾಡುತ್ತದೆ ಅಂತ ತಿಳಿಯಲಿ ಅಂತ. 3ನೇ ನಂಬರಿನದು ಎರಡು ಸಲ ಮರ್ಯಾದೆ ಕಳೆದಿದೆ. ಅದನ್ನು ಈಗ ಅಭ್ಯಾಸಕ್ಕೆ ಇಳಿಸಿದ್ದಾನೆ.

"ಲೆಕ್ಕಕ್ಕೆ ಎಷ್ಟು ಬೇಕೋ ಅಷ್ಟು, ಅದರ ಮೇಲೆ ಯಾವಾಗಲೂ ಇನ್ನೊಂದು" ಅಂತ ಹೇಳಿ ಮ್ಯಾಗಜಿನ್ನನ್ನು ಪಂದಿ ಕರಿಯಲ್ಲಿ ಅದ್ದಿ ತಿಂದ.

ನನಗೆ ಅರ್ಥವಾಯಿತು. "ಸ್ಟೆಪ್ನಿ ಅನ್ನು" ಅಂದೆ. ಜೀಪು ಇಟ್ಟುಕೊಂಡವರಿಗೆ ಇದನ್ನೆಲ್ಲ ಕಡಂಬುಟ್ಟಿನಲ್ಲಿ ವಿವರಿಸಬೇಕಾ? ಈ ಜಿಲ್ಲೆಯಲ್ಲಿ ಮಳೆಗಾಲ ಕಳೆಯುವುದೇ ಸ್ಟೆಪ್ನಿಯ ಮೇಲೆ. ಕರೆಂಟು ಹೋದರೆ ಟಾರ್ಚು, ಟಾರ್ಚು ಹೋದರೆ ಮೇಣದ ಬತ್ತಿ, ಅದೂ ಮುಗಿದರೆ ಮಲಗುವುದು. ಕೊಡೆ ಮೂರು, ಒಂದು ಯಾವಾಗಲೂ ಯಾರದೋ ಮನೆಯಲ್ಲಿ ಇರುತ್ತದೆ. ಕೋವಿಯ ಕಾಗದವೂ ಹಾಗೆಯೇ. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ 10 ವರ್ಷಕ್ಕೆ ಮುಂದುವರಿಸಿದ್ದಾರೆ, 2029ರ ತನಕ ಯೋಚನೆ ಇಲ್ಲ. ಆದರೆ ಆ ವಿನಾಯಿತಿಯ ಪತ್ರಕ್ಕಾಗಿ ಒಂದು ಕಚೇರಿಗೆ ಹೋದಾಗ ಆಧಾರಿನ ನಾಲ್ಕು ಜೆರಾಕ್ಸ್ ಒಯ್ದಿದ್ದೆ. ಅವರು ಐದನೆಯದು ಕೇಳಿದರು. ಐದು ಒಯ್ದಿದ್ದರೆ ಆರನೆಯದು ಕೇಳುತ್ತಿದ್ದರು, ಆ ಮಾತು ಬೇರೆ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿಗೆ ಆ ಬೆಲ್ಟನ್ನು ನಾನೇ ಕಟ್ಟಿಕೊಳ್ಳಬೇಕು ಅಂತ ಹಟ ಹಿಡಿದ. ನನ್ನದು ಜೋಡುನಳಿಗೆ ಕೋವಿ. ನಮ್ಮ ಊರಿನ ಪೈಪೋಟಿಯಲ್ಲಿ ತಲಾ ಮೂರು ಗುಂಡು. ಅಂಗಿ ಜೇಬಿನಲ್ಲಿ ಮೂರು ತೋಟಾ ಹಾಕಿಕೊಂಡು ಹೋಗಿ, ಮೂರನ್ನೂ ಆಕಾಶಕ್ಕೆ ಕೊಟ್ಟು, ಊಟ ಮಾಡಿ ಬರುವುದು ಇಪ್ಪತ್ತು ವರ್ಷದಿಂದ ನನ್ನ ಪದ್ಧತಿ.

"ಜೇಬಿಗೆ ಕೈ ಹಾಕುವುದು ನಿಧಾನ, ಚಿಕ್ಕಪ್ಪ."

ತೆಂಗಿನಕಾಯಿ ಎಲ್ಲಿಗೂ ಓಡುವುದಿಲ್ಲ ಅಂತ ಹೇಳಿ ನೋಡಿದೆ. ಕೇಳಲಿಲ್ಲ. ಒಂದು ಪೌಚಿನಲ್ಲಿ ಹನ್ನೆರಡು ಬೋರಿನ ತೋಟಾ ಎರಡು ಬಿಗಿಯಾಗಿ ಕೂರುತ್ತಿದ್ದವು, ಅಳತೆ ಕೊಟ್ಟು ಮಾಡಿಸಿದ ಹಾಗೆ. ಅದೇ ಅವನಿಗೆ ಸಾಕ್ಷಿಯಾಯಿತು. ಹಜಾರದಲ್ಲಿ ನಿಲ್ಲಿಸಿ ತರಬೇತಿ ಕೊಟ್ಟ. ಬೆಲ್ಟಿನ ಕಡೆ ನೋಡಲೇಬಾರದು. ಕಣ್ಣು ಗುರಿಯ ಮೇಲೆ, ಕೈ ತಾನಾಗಿ ಮುಂದಿನ ಪೌಚಿಗೆ ಹೋಗಬೇಕು. ಅವರು ಮ್ಯಾಗಜಿನ್ ಹಿಡಿಯುವಾಗ ತೋರುಬೆರಳು ಮೇಲಿನ ಗುಂಡಿನ ಮೂತಿಯನ್ನು ಮುಟ್ಟುತ್ತಿರುತ್ತದಂತೆ, ಬೆರಳು ತೋರಿಸಿದ ಕಡೆ ಮ್ಯಾಗಜಿನ್ ಹೋಗುತ್ತದಂತೆ. ನಾನು ಎರಡು ಸಂಜೆ ಖಾಲಿ ತೋಟಾ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಸೊಂಟ ಹಿಡಿದುಕೊಂಡಿತು. ಆದರೆ ಸುಳ್ಳು ಹೇಳಬಾರದು, ಕೈ ತಾನಾಗಿ ಹೋಗತೊಡಗಿತ್ತು. ಸ್ವಲ್ಪ ಜಂಬವೂ ಬಂದಿತ್ತು.

ಹಬ್ಬದ ಬೆಳಿಗ್ಗೆ ಕೋವಿಗೆ ಪೂಜೆಯಾಯಿತು. ನಳಿಗೆಗೆ ಸಿಕ್ಕಿಸಿದ್ದ ಕೋವಿ ಹೂವು, ತೋಕ್ ಪೂ ತೆಗೆದು, ಬೆಲ್ಟು ಕಟ್ಟಿಕೊಂಡೆ. ಎರಡು ತೋಟಾ ಮೊದಲೇ ಕೋವಿಗೆ. ಮುಂದಿನ ಪೌಚಿನಲ್ಲಿ ಎರಡು, ಅಂದರೆ ಬೇಕಾದದ್ದು ಒಂದು, ಮೇಲೆ ಒಂದು. ಎರಡನೆಯದರಲ್ಲಿ ಜಿಗಣೆಗೆ ಉಪ್ಪಿನ ಪೊಟ್ಟಣ. ಮೂರನೆಯದರಲ್ಲಿ ಮೊಬೈಲು. ನಾಲ್ಕನೆಯದರಲ್ಲಿ ಕನ್ನಡಕ. ಕೊನೆಯದರಲ್ಲಿ ಇನ್ಹೇಲರ್. ನನಗೆ ಜುಲೈನಲ್ಲಿ ಹಿಡಿದ ನೆಗಡಿ ಅಕ್ಟೋಬರಿನಲ್ಲಿ ಬಿಡುವುದು. ಆ ಬೆರಳುದ್ದದ ಬಿಳಿ ಕೊಳವೆ ಇಲ್ಲದೆ ನಾನು ಗೇಟು ದಾಟುವುದಿಲ್ಲ.

ಮೈದಾನಕ್ಕೆ ಹೋದೆವು. ಸಣ್ಣ ಮಳೆ. ಒಂದೊಂದೇ ಹೆಸರು ಕರೆಯುತ್ತಿದ್ದರು. ನಾನು ಪ್ರತಿ ಐದು ನಿಮಿಷಕ್ಕೆ ಬೆನ್ನ ಹಿಂದೆ ಕೈ ತಿರುಗಿಸಿ ಕೊನೆಯ ಪೌಚಿನಿಂದ ಇನ್ಹೇಲರ್ ತೆಗೆಯುವುದು, ಎಳೆಯುವುದು, ಒಳಗೆ ಇಡುವುದು. ಇದನ್ನು ಅವನು ನೋಡುತ್ತಾ ಇದ್ದ. ನಾನು ಕಾಫಿ ಕುಡಿಯಲು ಬೆಲ್ಟು ಬಿಚ್ಚಿ ಕುರ್ಚಿಗೆ ನೇತು ಹಾಕಿದ ಐದು ನಿಮಿಷದಲ್ಲಿ ಅವನ ಬುದ್ಧಿ ಕೆಲಸ ಮಾಡಿತು. ಚಿಕ್ಕಪ್ಪ ಗಂಟೆಗೆ ಹತ್ತು ಸಲ ತೆಗೆಯುವುದು ಇನ್ಹೇಲರ್, ತೋಟಾ ತೆಗೆಯುವುದು ಒಂದೇ ಸಲ. ಜಾಸ್ತಿ ಬೇಕಾದದ್ದು ಮುಂದೆ ಇರಬೇಕು. ಬದಲಾಯಿಸಿದ. ಹೇಳಿದೆ ಅನ್ನುತ್ತಾನೆ. ಹೇಳಲಿಲ್ಲ. ಹೇಳಿದ್ದರೂ ಮೂಗು ಕಟ್ಟಿದಾಗ ನನಗೆ ಕಿವಿಯೂ ಸರಿಯಾಗಿ ಕೇಳುವುದಿಲ್ಲ, ಅದು ಅವನಿಗೆ ಗೊತ್ತು.

ನನ್ನ ಹೆಸರು ಕರೆದರು. ಮೊದಲ ಗುಂಡಿಗೆ ಒಂದು ಎಲೆ ಬಿತ್ತು. ಎರಡನೆಯದಕ್ಕೆ ಏನೂ ಬೀಳಲಿಲ್ಲ. ಸರಿ, ಕೋವಿ ಮಡಚಿದೆ, ಖಾಲಿ ತೋಟಾ ಕೆಡವಿದೆ. ಕಣ್ಣು ತೆಂಗಿನಕಾಯಿಯ ಮೇಲೆ. ಕೈ ತಾನಾಗಿ ಹೋಯಿತು. ಎಂಥಾ ವೇಗ! ಜನರ ಕಡೆಯಿಂದ ಒಂದು "ಓಹೋ" ಕೂಡ ಕೇಳಿಸಿತು. ಮುಂದಿನ ಪೌಚು, ಬೆರಳು ಮೂತಿಯ ಮೇಲೆ, ನಳಿಗೆಯೊಳಗೆ ತಳ್ಳಿದೆ. ಅರ್ಧ ಹೋಗಿ ನಿಂತಿತು.

ಮಳೆಗೆ ತೋಟಾ ಉಬ್ಬಿದೆ ಅಂದುಕೊಂಡೆ. ಹೆಬ್ಬೆರಳಿನಲ್ಲಿ ಒತ್ತಿದೆ. ಹೋಗಲಿಲ್ಲ. ಅಂಗೈಯಲ್ಲಿ ಒಂದು ಕೊಟ್ಟೆ. ಭದ್ರವಾಗಿ ಕೂತಿತು. ಕೋವಿ ಮುಚ್ಚಲು ಹೋದರೆ ಮುಚ್ಚುತ್ತಿಲ್ಲ. ಆಗಲೂ ಕಣ್ಣು ತೆಂಗಿನಕಾಯಿಯ ಮೇಲೇ ಇತ್ತು, ಅಷ್ಟು ಶ್ರದ್ಧೆಯ ಶಿಷ್ಯ ನಾನು. ಮೈಕಿನವರು ಸುಮ್ಮನಾದರು. ಇಡೀ ಮೈದಾನ ಸುಮ್ಮನಾಯಿತು. ಪಕ್ಕದಲ್ಲಿ ನಿಂತಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ಬಗ್ಗಿ ನಳಿಗೆಯೊಳಗೆ ನೋಡಿದರು. ಮೂಸಿ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು:

"ಏನಪ್ಪಾ, ಕೋವಿಗೂ ನೆಗಡಿಯಾ?"

ಮೈಕು ಆನ್ ಇತ್ತು.

ಅದನ್ನು ಹೊರಗೆ ತೆಗೆಯಲು ಜೀಪಿನಿಂದ ಕಟಿಂಗ್ ಪ್ಲೇಯರ್ ತರಬೇಕಾಯಿತು. ಎಳೆದಾಗ ಮುಚ್ಚಳ ಕೈಗೆ ಬಂತು, ಉಳಿದದ್ದು ಒಳಗೇ ಉಳಿಯಿತು. ಇನ್ನೊಬ್ಬರು ಮೂತಿಯ ಕಡೆಯಿಂದ ಕೋಲು ಹಾಕಿ ತಳ್ಳಿದರು. ಇಬ್ಬರು ಕೋವಿ ಹಿಡಿದುಕೊಂಡರು. ನನಗೆ ಏನೂ ಕೆಲಸ ಇರಲಿಲ್ಲ, ಕೊಡೆ ಹಿಡಿದೆ. ಮೂರನೆಯ ಗುಂಡನ್ನು ಕೊನೆಗೂ ಹೊಡೆದೆ. ಮದ್ದಿನ ವಾಸನೆಯ ಜೊತೆ ಪುದೀನದ ತಂಪು ವಾಸನೆ ಮೈದಾನವೆಲ್ಲ ಹರಡಿತು. ತೆಂಗಿನಕಾಯಿಗೆ ಏನೂ ಆಗಲಿಲ್ಲ. ಅದಕ್ಕೂ ಮೂಗು ಬಿಟ್ಟಿರಬಹುದು.

ಗೆದ್ದವಳು ಡಿಗ್ರಿ ಓದುವ ಒಬ್ಬ ಹುಡುಗಿ. ಮೂರು ತೋಟಾವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಒಂದನ್ನು ಹೊಡೆದಳು, ಕಾಯಿ ಒಡೆಯಿತು, ಉಳಿದ ಎರಡನ್ನು ಮತ್ತೆ ಸುತ್ತಿಟ್ಟುಕೊಂಡು ಹೋದಳು. ಬೆಲ್ಟಿಲ್ಲ, ಏನಿಲ್ಲ.

ದಾರಿಯಲ್ಲಿ ನಮ್ಮ ತಜ್ಞರು ಜೀಪಿನ ಹಿಂದಿನ ಸೀಟಿನಿಂದ ಹೇಳಿದ್ದು ಒಂದೇ ಮಾತು. "ನೋಡಿದಿರಾ ಚಿಕ್ಕಪ್ಪ, ಇನ್ನೊಂದು ಇನ್ಹೇಲರ್ ಇಟ್ಟುಕೊಳ್ಳಬೇಕಿತ್ತು."

ಅಜ್ಜನ ಕಾಲದಲ್ಲಿ ಕೇಪಿನ ಕೋವಿ. ಮದ್ದು ಸುರಿ, ಗಜದಲ್ಲಿ ಗಿಡಿ, ಚರೆ ಹಾಕು, ಮತ್ತೆ ಗಿಡಿ, ಕೇಪು ಇಡು. ಅಷ್ಟರಲ್ಲಿ ಹಂದಿ ಪಕ್ಕದ ತೋಟಕ್ಕೆ ಹೋಗಿ ಮಲಗಿರುತ್ತಿತ್ತು. ಹಾಗಾಗಿ ಅಜ್ಜ ಹೊಡೆದರೆ ಒಂದೇ. ಆಮೇಲೆ ತೋಟಾ ಕೋವಿ ಬಂತು. ಅಜ್ಜ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಎರಡು ತೋಟಾ ಹಾಕಿ ಕಪಾಟಿನ ಮೇಲಿನ ತಟ್ಟಿನಲ್ಲಿ ಇಟ್ಟರು. ಹಂದಿ ಬರಲಿ, ಹಬ್ಬ ಬರಲಿ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸಾವು ಅಂಗಡಿ ತೆರೆಯುವ ತನಕ ಕಾಯುವುದಿಲ್ಲ ಅನ್ನುತ್ತಿದ್ದರು.

ಸಾವಿಗಲ್ಲದೆ ಒಂದೇ ಒಂದು ಸಲ ಆ ಡಬ್ಬಕ್ಕೆ ಕೈ ಹೋಯಿತು. ಇದೇ ಹುಡುಗ ಹುಟ್ಟಿದ ದಿನ. ಮನೆಯಲ್ಲಿ ಬೇರೆ ತೋಟಾ ಇರಲಿಲ್ಲ, ಅಣ್ಣ ಖುಷಿಯಲ್ಲಿ ಡಬ್ಬ ತೆರೆದು ಒಂದನ್ನು ಹಾರಿಸಿಬಿಟ್ಟ. ಅಜ್ಜಿ ಹೌಹಾರಿದರು. "ಈಗ ಒಂದೇ ಉಳಿಯಿತು, ಇವತ್ತು ಯಾರಾದರೂ ಹೋದರೆ?" ಅಂತ ಆ ಮಳೆಯಲ್ಲಿ ನನ್ನನ್ನು ವಿರಾಜಪೇಟೆಗೆ ಓಡಿಸಿದರು. ಸಂಜೆಯೊಳಗೆ ಡಬ್ಬದಲ್ಲಿ ಎರಡಾದವು. ಅಜ್ಜನಿಗೆ ಹಾರಿಸಿದ್ದು, ಅಜ್ಜಿಗೆ, ಆಮೇಲೆ ಅಪ್ಪನಿಗೆ ಹಾರಿಸಿದ್ದು ಆ ಡಬ್ಬದಿಂದಲೇ. ಪ್ರತಿ ಸಲವೂ ಮೈಲಿಗೆ ಕಳೆದ ಮೇಲೆ ಮೊದಲ ಕೆಲಸ ಅದನ್ನು ತುಂಬಿಸುವುದು.

ಹೊರಡುವ ಹಿಂದಿನ ರಾತ್ರಿ ಏನೋ ಹುಡುಕುತ್ತಾ ಅವನ ಕೈಗೆ ಆ ಡಬ್ಬ ಸಿಕ್ಕಿತು. "ಎರಡೇ ಯಾಕೆ ಚಿಕ್ಕಪ್ಪ?" ಅಂದ. ಹೇಳಿದೆ. ಇಷ್ಟು ದಿನದಲ್ಲಿ ಮೊದಲ ಸಲ ಅವನು ಲೆಕ್ಕ ಹಾಕಲಿಲ್ಲ. ಮುಚ್ಚಳ ಹಾಕಿ ಮೇಲಿಟ್ಟ.

ಬೆಲ್ಟನ್ನು ಇಲ್ಲೇ ಬಿಟ್ಟು ಹೋಗಿದ್ದಾನೆ. ನನ್ನ ಹೆಂಡತಿ ತೋಟಕ್ಕೆ ಹೋಗುವಾಗ ಕಟ್ಟಿಕೊಳ್ಳುತ್ತಾಳೆ. ಚಿಗುರು ಕತ್ತರಿಸುವ ಕತ್ತರಿ, ಉಪ್ಪು, ಎಲೆ ಅಡಿಕೆ, ಮೊಬೈಲು, ಇನ್ನೊಂದು ಉಪ್ಪು. ಅವಳಿಗೆ ಇದುವರೆಗೆ ಒಂದೂ ತಪ್ಪು ಕೈಗೆ ಬಂದಿಲ್ಲ. ಅವಳು ನೋಡಿಯೇ ತೆಗೆಯುತ್ತಾಳೆ.

ಇವತ್ತು ಮೀನು ತಂದು ಅಡುಗೆಮನೆಯಲ್ಲಿಟ್ಟು, ಕೋಪದಲ್ಲೇ ಕಪಾಟು ತೆರೆದೆ. ಕೋವಿಗೆ ಎಣ್ಣೆ ಹಾಕೋಣ ಅಂತ. ಡಬ್ಬ ಕೆಳಗಿಳಿಸಿದಾಗ ಸದ್ದು ಬೇರೆ ಥರ ಬಂತು. ತೆರೆದರೆ ತೋಟಾ ಎರಡು ಹಾಗೆಯೇ ಇವೆ. ಪಕ್ಕದಲ್ಲಿ ಸೀಲು ಒಡೆಯದ ಒಂದು ಹೊಸ ಇನ್ಹೇಲರ್. ತಳದಲ್ಲಿ ಮಾರ್ಕರಿನಿಂದ 3 ಅಂತ ಬರೆದಿತ್ತು.

ಮೂಗು ಕಟ್ಟಿತ್ತು. ಸೀಲು ಒಡೆದು ಎರಡು ಸಲ ಎಳೆದೆ, ಮತ್ತೆ ಅಲ್ಲೇ ಇಟ್ಟೆ.