ಹೋಗಿ ಸಾರ್, ಕೋರ್ಟಿಗೆ!

ನನ್ನ ಮಾಹಿತಿ ಹಕ್ಕಿನ ಅರ್ಜಿಗೆ ನಿನ್ನೆ ಅಂಚೆಯಲ್ಲಿ ಒಂದು ಹಿಂಬರಹ ಬಂತು. ಒಂದೇ ಸಾಲು. ‘ತಾವು ಕೋರಿರುವ ಕಡತವು ಈ ಶಾಖೆಯಲ್ಲಿ ಲಭ್ಯವಿರುವುದಿಲ್ಲ.’ ಕೆಳಗೊಂದು ಸಹಿ, ಅದರ ಮೇಲೆ ಅರ್ಧ ಮಾತ್ರ ಮೂಡಿದ ಸೀಲು. ಹಾಗಾದರೆ ಯಾವ ಶಾಖೆಯಲ್ಲಿದೆ? ಅದನ್ನು ತಿಳಿಯಲು ಇನ್ನೊಂದು ಅರ್ಜಿ ಹಾಕಬೇಕೇನೋ.

ನಾನು ಕೇಳಿದ್ದು ದೇಶದ ರಹಸ್ಯ ಅಲ್ಲ, ನಮ್ಮ ಬೀದಿಯ ಚರಂಡಿ ಕೆಲಸದ ಬಿಲ್ಲು. ಚರಂಡಿ ನಮಗಂತೂ ಕಂಡಿಲ್ಲ. ಬಿಲ್ಲಾದರೂ ಕಾಣಲಿ ಅಂತ ಆಸೆ.

ಈ ಅರ್ಜಿ ಒಳಗೆ ಹೋಗಿದ್ದೇ ಒಂದು ಕಥೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಜತೆ ಕೊಟ್ಟಾಗ ಕೇಸ್ ವರ್ಕರ್ ಓದಲಿಲ್ಲ, ಎಣಿಸಿದರು. ಕರ್ನಾಟಕದ ಮಾಹಿತಿ ಹಕ್ಕು ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಅದೂ ಸಾಮಾನ್ಯವಾಗಿ 150 ಪದ ಮೀರಬಾರದು. ಪೆನ್ನಿನ ತುದಿ ಒಂದೊಂದು ಪದದ ಮೇಲೂ ಕೂತು ಎದ್ದು ಹೋಗುತ್ತಿತ್ತು. ತುಟಿ ಅಲ್ಲಾಡುತ್ತಿತ್ತು. ತೊಂಬತ್ತರ ಹತ್ತಿರ ಅವರ ಫೋನ್ ಬಂತು. ಮಗಳ ಟ್ಯೂಷನ್ ವಿಷಯ. ಮುಗಿದ ಮೇಲೆ ಮತ್ತೆ ‘ಮಾನ್ಯರೇ’ಯಿಂದ ಶುರು! ‘ಮಾನ್ಯರೇ’ಯನ್ನೂ ಎಣಿಸ್ತೀರಾ ಸಾರ್ ಅಂದೆ. “ಬರೆದಿದ್ದೀರಲ್ಲ ಸಾರ್” ಅಂದರು. ಮರ್ಯಾದೆ ಕೊಟ್ಟದ್ದೂ ಲೆಕ್ಕಕ್ಕೆ ಸೇರಿತು. ಕೊನೆಗೆ ನಾಲ್ಕು ಪದ ಜಾಸ್ತಿ ಅಂತ ತೀರ್ಪಾಯಿತು.

ಅಲ್ಲೇ ಬೆಂಚಿನ ಮೇಲೆ ಕೂತೆ. ಸಂಧಿ ಸಮಾಸ ಕಲಿಸಿದ ಮೇಷ್ಟ್ರನ್ನು ನೆನೆದು ‘ಚರಂಡಿ ಕಾಮಗಾರಿಯ ಬಿಲ್ಲಿನ ದೃಢೀಕೃತ ನಕಲು’ ಅನ್ನೋದನ್ನು ‘ಚರಂಡಿಕಾಮಗಾರಿಬಿಲ್ಲಿನ ದೃಢೀಕೃತನಕಲು’ ಮಾಡಿದೆ. ‘ವಂದನೆಗಳೊಂದಿಗೆ’ ಕಿತ್ತು ಹಾಕಿದೆ. ಅವರು ಮತ್ತೆ ಎಣಿಸಿ, ತೃಪ್ತಿಯಿಂದ ಸೀಲು ಒತ್ತಿದರು.

ಇಷ್ಟೆಲ್ಲ ಆದ ಮೇಲೆ ಈ ಹಿಂಬರಹ! ಇವತ್ತು ಬೆಳಗ್ಗೆ ನೇರ ಅವರ ಟೇಬಲ್ಲಿಗೆ ಹೋಗಿ, “ಕೋರ್ಟಿಗೆ ಹೋಗ್ತೀನಿ” ಅಂದೆ.

“ಹೋಗಿ ಸಾರ್. 23ನೇ ಕಲಂ ಒಂದ್ಸಲ ಓದ್ಕೊಂಡು ಹೋಗಿ.”

ಓದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹೊರಡಿಸಿದ ಯಾವ ಆದೇಶದ ಮೇಲೂ ಕೋರ್ಟು ದಾವೆ ತಗೊಳ್ಳುವಂತಿಲ್ಲ. ಮೇಲ್ಮನವಿ ಒಂದೇ ದಾರಿ. 21ನೇ ಕಲಂ ಇನ್ನೂ ಚೆನ್ನಾಗಿದೆ: ಸದ್ಭಾವನೆಯಿಂದ ಮಾಡಿದ್ದಕ್ಕೆ ಯಾರ ಮೇಲೂ ಕೇಸು ಹಾಕುವ ಹಾಗಿಲ್ಲ. ನಮ್ಮ ಕಡತವೂ ಸದ್ಭಾವನೆಯಿಂದಲೇ ಕಳೆದುಹೋಗಿರಬೇಕು.

ಮೊದಲ ಮೇಲ್ಮನವಿ ಯಾರಿಗೆ? ಅದೇ ಕಚೇರಿಯ ಮಹಡಿ ಮೇಲಿನ ಸಾಹೇಬರಿಗೆ. ನನಗೆ 30 ದಿನದ ಗಡುವು. ಅವರಿಗೂ 30, ಕಾರಣ ಬರೆದರೆ 45ರ ತನಕ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗಕ್ಕೆ. ಆಯೋಗ ಎಷ್ಟು ದಿನದಲ್ಲಿ ತೀರ್ಮಾನ ಮಾಡಬೇಕು ಅಂತ ಕಾಯ್ದೆಯಲ್ಲಿ ಹುಡುಕಿದೆ. ಸಿಗಲಿಲ್ಲ. ಆಯೋಗಕ್ಕೆ ಗಡುವೇ ಇಲ್ಲ! ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ ನಿಜ. ಅದು ಬಿದ್ದರೂ ಸರ್ಕಾರದ ಖಜಾನೆಗೆ, ನನ್ನ ಜೇಬಿಗಲ್ಲ.

ಮನೆ ಹತ್ತಿರದ ವಕೀಲರನ್ನು ಕೇಳಿದೆ. “ಹೈಕೋರ್ಟ್ ಬಾಗಿಲು ಮುಚ್ಚಿಲ್ಲ ರೀ. ಸಂವಿಧಾನದ 226ನೇ ವಿಧಿ ಕೆಳಗೆ ರಿಟ್ ಅರ್ಜಿ ಹಾಕಬಹುದು” ಅಂದರು. ಹಾಕೇಬಿಡೋಣ ಅಲ್ವಾ ಅಂದೆ. “ಹಾಕೋಣ. ಮೇಲ್ಮನವಿ ಮುಗಿಸಿ ಬಂದ್ರಾ ಅಂತ ಅಲ್ಲಿ ಮೊದಲು ಕೇಳ್ತಾರೆ.” ಫೀಸು ಎಷ್ಟು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೇಂದ್ರದ ಕಾಯ್ದೆಗೂ ಐದು ವರ್ಷ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಮಾಹಿತಿ ಹಕ್ಕಿನ ಕಾಯ್ದೆ ಮಾಡಿತ್ತು. ಒಂದು ಖಾತೆಯ ನಕಲಿಗಾಗಿ ಅಪ್ಪ ಗುಮಾಸ್ತರ ಮುಂದೆ ಕೈಕಟ್ಟಿ ನಿಂತದ್ದನ್ನು ನೋಡಿ ಬೆಳೆದವನು ನಾನು. ಕಚೇರಿಯ ಕಡತ ನಮ್ಮದೂ ಹೌದು ಅನ್ನೋ ಮಾತು ಆಗ ಎಷ್ಟು ದೊಡ್ಡದಾಗಿ ಕೇಳಿಸಿತ್ತು! ಅಪ್ಪ ಇದ್ದಿದ್ದರೆ ಇದೇ ಹಿಂಬರಹವನ್ನು ಜೋಪಾನವಾಗಿ ಎತ್ತಿಡುತ್ತಿದ್ದರು. ಸರ್ಕಾರ ಉತ್ತರ ಬರೆದಿದೆಯಲ್ಲ ಅಂತ.

ಸಂಜೆ ಮೇಲ್ಮನವಿ ಬರೆದುಕೊಂಡು ಹೋದೆ. ಸಿಟ್ಟಿಗೆ ಪುಟ ತುಂಬ ಬರೆದಿದ್ದೆ. ಟಪಾಲು ತಗೊಳ್ಳುವವರು ರಜೆ, ಹಾಗಾಗಿ ಅದೂ ಅದೇ ಕೇಸ್ ವರ್ಕರ್ ಟೇಬಲ್ಲಿಗೇ ಬಂತು. ಪೆನ್ನು ‘ಮಾನ್ಯರೇ’ಯ ಮೇಲೆ ಕೂತಿತು.

“ಸಾರ್, 150 ಪದದ ನಿಯಮ ಅರ್ಜಿಗೆ ಮಾತ್ರ. ಮೇಲ್ಮನವಿಗಲ್ಲ.”

“ಗೊತ್ತು ಸಾರ್” ಅಂದರು ತಲೆ ಎತ್ತದೆ. “ಸುಮ್ನೆ ನೋಡ್ತಿದೀನಿ.”