ಅದು ಫೋಟೊ ಅಲ್ಲ, ರವಿವರ್ಮನದೂ ಅಲ್ಲ

ಅಡುಗೆಮನೆಯ ಕಿಟಕಿ ಬೆಳಕಲ್ಲಿ ಸೀರೆಯುಟ್ಟು ನಿಂತ ಹೆಣ್ಣುಮಗಳ ಚಿತ್ರಗಳು ವಾಟ್ಸಾಪ್‌ನಲ್ಲಿ ಮತ್ತೆ ಓಡಾಡುತ್ತಿವೆ. ಕೆಲವರು 'ರಾಜಾ ರವಿವರ್ಮನ ಅಪರೂಪದ ಚಿತ್ರಗಳು' ಅಂತಾರೆ, ಇನ್ನು ಕೆಲವರು 'ಹಳೇ ಕಾಲದ ಫೋಟೊ' ಅಂತಾರೆ. ಎರಡೂ ಸುಳ್ಳು.

ಇವು ತಮಿಳುನಾಡಿನ ಕಲಾವಿದ ಎಸ್. ಇಳೆಯರಾಜ ಅವರ ಕೃತಿಗಳು, ಹೆಚ್ಚಿನವು ಕ್ಯಾನ್ವಾಸ್ ಮೇಲಿನ ತೈಲವರ್ಣ. ಕುಂಭಕೋಣದ ಬಳಿಯ ಹಳ್ಳಿಯವರು. ಅಲ್ಲಿನ ಸರ್ಕಾರಿ ಕಲಾ ಕಾಲೇಜಿನಲ್ಲಿ ಓದಿದವರು. ಸಂಗೀತ ನಿರ್ದೇಶಕರಿಗೂ ಇವರಿಗೂ ಹೆಸರಷ್ಟೇ ಒಂದು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಇವರು ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲು.

ಫೋಟೊ ಅನ್ನಿಸುವುದು ಸಹಜವೇ. ಚಿತ್ರವನ್ನು ದೊಡ್ಡದು ಮಾಡಿ ನೋಡಿ: ಬೆಳಕು ಒಂದೇ ಕಡೆಯಿಂದ ಬಂದು ಕೆನ್ನೆಯ ಅಂಚು, ಬಳೆ, ಸೀರೆಯ ನೆರಿಗೆ ಮುಟ್ಟಿ ಹಿಂದಿನ ಗೋಡೆಯ ಕತ್ತಲಲ್ಲಿ ಕರಗುತ್ತದೆ. ಅವರು ಬರೆದದ್ದು ದೇವತೆಗಳನ್ನಲ್ಲ, ಕಪ್ಪು ಮೈಬಣ್ಣದ ಹಳ್ಳಿ ಹೆಂಗಸರನ್ನು. ರವಿವರ್ಮನ ಪುರಾಣದ ನಾಯಕಿಯರ ಪಕ್ಕ ಇಟ್ಟರೆ ಅನುಮಾನಕ್ಕೇ ಜಾಗವಿಲ್ಲ, ನನ್ನ ಪ್ರಕಾರ.

ಈಗೀಗ 'ಇದು ಎಐ' ಅನ್ನುವವರೂ ಇದ್ದಾರೆ. ಇಳೆಯರಾಜ 2021ರ ಜೂನ್‌ನಲ್ಲಿ ಕೋವಿಡ್‌ನಿಂದ ಚೆನ್ನೈನಲ್ಲಿ ತೀರಿಕೊಂಡರು. ಇಂಥ ಚಿತ್ರ ಹೊಸೆಯುವ ಎಐ ಆ್ಯಪ್‌ಗಳು ಜನರ ಕೈಗೆ ಬಂದದ್ದು ಆಮೇಲೆ. ಫಾರ್ವರ್ಡ್ ಮಾಡುವುದಾದರೆ ಅವರ ಹೆಸರು ಹಾಕಿ ಮಾಡಿ.